ಭೂತಗನ್ನಡಿಯ ಬಿಸಿ

‘ಕೊಯ್ಯಂಗಿಲ್ಲಂತ, ರಕ್ತ ಬರಂಗಿಲ್ಲಂತ. ಬರೇ ಶಬ್ದದಿಂದ ಗಡ್ಡಿ ಸುಡ್ತಾರಂತ. ಖರೇ ಏನು?’

ವಿಜಯಪುರದ ಕಡೆಯಿಂದ ಪುಣೆಗೆ ಬಂದ ಕಾಕಾ ಸ್ಕ್ಯಾನ್ ಫೈಲಿನೊಳಗಿಂದ ನುಣುಪು ಕಾಗದದ ಕರಪತ್ರವೊಂದನ್ನು ತೆಗೆದು ನನ್ನ ಮುಂದಿಟ್ಟರು. ಕಾಯಿಲೆ ಕಾಕೂಗೆ. ಮೇದೋಜೀರಕದ ಕ್ಯಾನ್ಸರ್, ಯಕೃತ್ತಿಗೂ ಹಬ್ಬಿತ್ತು. ಖರೇ ಅಂದೆ. ಅಂದಮೇಲೆ ಅಷ್ಟಕ್ಕೇ ನಿಲ್ಲಿಸಬಾರದಿತ್ತು ಅನ್ನಿಸಿತು.

ಏಕೆಂದರೆ ಕರಪತ್ರದಲ್ಲಿ ಸುಳ್ಳೇನೂ ಇರಲಿಲ್ಲ. ಹೈಫು ಎಂದು ಕರೆಯುವ ಈ ಚಿಕಿತ್ಸೆ, ಹುಡುಗರು ಭೂತಗನ್ನಡಿಯಲ್ಲಿ ಬಿಸಿಲು ಹಿಡಿದು ಕಾಗದ ಸುಡುವ ಆಟದ ದೊಡ್ಡ ರೂಪ. ಸೆಕೆಂಡಿಗೆ ಸುಮಾರು 10 ಲಕ್ಷ ಸಲ ಕಂಪಿಸುವ ಅಲ್ಟ್ರಾಸೌಂಡ್ ಅಲೆಗಳು ಚರ್ಮವನ್ನು ದಾಟಿ, ಒಳಗೆ ಅಕ್ಕಿಕಾಳಿನಷ್ಟು ಜಾಗದಲ್ಲಿ ಕೂಡುತ್ತವೆ. ಅಲ್ಲಿ ಕೆಲವೇ ಕ್ಷಣಗಳಲ್ಲಿ ಬಿಸಿ 60 ಡಿಗ್ರಿ ದಾಟಿ ಜೀವಕೋಶಗಳು ಬೆಂದುಹೋಗುತ್ತವೆ. ಇಂಥ ಕಾಳುಗಳನ್ನು ಒಂದರ ಪಕ್ಕ ಒಂದು ಇಡುತ್ತ ಗಡ್ಡೆಯನ್ನು ತುಂಬಬೇಕು. ಕಲ್ಪನೆ ಹಳೆಯದು, 1942ರಲ್ಲೇ ಅಮೆರಿಕದಲ್ಲಿ ಪ್ರಯೋಗ ನಡೆದಿತ್ತು. ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2004ರಲ್ಲಿ ಗರ್ಭಕೋಶದ ಫೈಬ್ರಾಯ್ಡ್‌ಗೆ, 2012ರಲ್ಲಿ ಮೂಳೆಗೆ ಹರಡಿದ ಕ್ಯಾನ್ಸರಿನ ನೋವಿಗೆ, 2016ರಲ್ಲಿ ಕೈನಡುಕಕ್ಕೆ ಒಪ್ಪಿಗೆ ಕೊಟ್ಟಿತು. ಮೇದೋಜೀರಕಕ್ಕೆ ಆ ಮುದ್ರೆ ಬಿದ್ದಿಲ್ಲ.

ಆ ಗ್ರಂಥಿ ಕೂತಿರುವ ಜಾಗವೂ ಹಾಗೇ ಇದೆ. ಮುಂದೆ ಜಠರ, ಬಗಲಲ್ಲಿ ಸಣ್ಣಕರುಳು, ಬೆನ್ನಿಗೆ ಅಂಟಿದಂತೆ ದೊಡ್ಡ ರಕ್ತನಾಳಗಳು. ಕರುಳಿನಲ್ಲಿ ಒಂದು ಗುಳ್ಳೆ ಗಾಳಿ ಇದ್ದರೂ ಅಲೆ ಅಲ್ಲೇ ತಿರುಗಿಬೀಳುತ್ತದೆ, ಸುಡಬಾರದ್ದು ಸುಡುತ್ತದೆ. ಅದಕ್ಕೇ ಮೊದಲು ಹೊಟ್ಟೆ ಖಾಲಿ ಮಾಡಿಸುತ್ತಾರೆ, ಗಾಳಿ ತೆಗೆದ ನೀರನ್ನು ಯಂತ್ರಕ್ಕೂ ಚರ್ಮಕ್ಕೂ ನಡುವೆ ಇಡುತ್ತಾರೆ.

ಇನ್ನು ಪುರಾವೆ. 2005ರಲ್ಲಿ ಚೀನಾದ ವೈದ್ಯರು ಕಾಯಿಲೆ ಬಲಿತ 8 ಜನರಿಗೆ ಇದನ್ನು ಮಾಡಿ ವರದಿ ಬರೆದರು. ಎಂಟೂ ಜನರ ನೋವು ಇಳಿದಿತ್ತು. ಆಮೇಲೆ ಜರ್ಮನಿಯ ಬಾನ್ ನಗರದಲ್ಲಿ 50 ರೋಗಿಗಳನ್ನು ನೋಡಿದಾಗ, ನೋವಿದ್ದವರಲ್ಲಿ ಹತ್ತಕ್ಕೆ ಎಂಟರಷ್ಟು ಮಂದಿಗೆ ಬೇಗ ಆರಾಮವಾಯಿತು. ಇದು ಸಣ್ಣ ಮಾತಲ್ಲ. ಗಡ್ಡೆಯ ಜತೆಗೆ ಅಲ್ಲಿ ಹೆಣೆದುಕೊಂಡ ನರಗಳೂ ಸುಟ್ಟು ನೋವಿನ ಸುದ್ದಿ ಮೇಲೆ ಹೋಗುವುದು ನಿಲ್ಲುತ್ತದೆ ಎಂಬುದು ಒಂದು ವಿವರಣೆ.

ಆದರೆ ಆಯಸ್ಸು? ನನ್ನ ತಕರಾರು ಇರುವುದು ಇಲ್ಲೇ. 2011ರಲ್ಲಿ ಫಾಲ್ಫಿರಿನಾಕ್ಸ್ ಎಂಬ ಕೀಮೋ ಬಂದಾಗ 342 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಹೋಲಿಸಿದರು. ಬದುಕಿನ ಮಧ್ಯಮ ಅಂಕಿ 6.8 ತಿಂಗಳಿಂದ 11.1 ತಿಂಗಳಿಗೆ ಏರಿತು. ಲಾಭ ಸಣ್ಣದು, ಆದರೆ ಗಟ್ಟಿ. ಚೀನಾ, ಬಾನ್‌ಗಳ ಆ ವರದಿಗಳಲ್ಲಿ ಎದುರು ಗುಂಪೇ ಇಲ್ಲ. ಯಂತ್ರದ ಮೇಲೆ ಮಲಗುವಷ್ಟು ಗಟ್ಟಿ ಇದ್ದವರನ್ನು ಆರಿಸಿ, ಹಲವರಿಗೆ ಕೀಮೋವನ್ನೂ ಕೊಟ್ಟು, ಅವರು ಹೆಚ್ಚು ದಿನ ಬದುಕಿದರು ಅಂದರೆ ಶ್ರೇಯಸ್ಸು ಯಾರಿಗೆ ಬರೆಯುವುದು? ಯಕೃತ್ತಿಗೆ ಹಬ್ಬಿದ ಮೇಲೆ ಮೂಲಗಡ್ಡೆಯನ್ನಷ್ಟೇ ಬೇಯಿಸಿದರೆ ಉಳಿದದ್ದು ಸುಮ್ಮನಿರುವುದಿಲ್ಲ. ಕರಪತ್ರದ ದಪ್ಪ ಅಕ್ಷರವೆಲ್ಲ ‘ಗಡ್ಡೆ ನಾಶ’ಕ್ಕೆ ಮೀಸಲು, ನೋವಿಗೆ ಕೊನೆಯಲ್ಲಿ ಒಂದೇ ಸಾಲು.

ನೋವಿಗೇ ಆದರೆ ಬೇರೆ ದಾರಿಗಳೂ ಇವೆ. ಹೊಟ್ಟೆಯ ಹಿಂಭಾಗದ ಸೀಲಿಯಾಕ್ ನರಜಾಲಕ್ಕೆ ಆಲ್ಕೋಹಾಲ್ ಚುಚ್ಚಿ ಮರಗಟ್ಟಿಸುವುದು ಹಳೆಯ ಪದ್ಧತಿ. ನಾಲ್ಕು ಗಂಟೆಗೊಮ್ಮೆ ನುಂಗುವ ಮಾರ್ಫಿನ್ ಇನ್ನೂ ಹಳೆಯದು, ಅಗ್ಗದ್ದು. ಮಾದಕವಸ್ತು ಕಾಯ್ದೆಯ 2014ರ ತಿದ್ದುಪಡಿ ಅದರ ಪರವಾನಗಿಯ ಕಾಟವನ್ನು ಸಡಿಲಿಸಿತು. ಪುಣೆಯ ವಾರ್ಜೆಯಲ್ಲಿ 1997ರಿಂದ ಸಿಪ್ಲಾದ ಉಪಶಮನ ಆರೈಕೆ ಕೇಂದ್ರವಿದೆ, ರೋಗಿಯಿಂದ ಹಣ ಕೇಳುವುದಿಲ್ಲ. ಹೈಫು ತನ್ನ ಯೋಗ್ಯತೆ ತೋರಿಸಬೇಕಾದದ್ದು ಇವುಗಳ ಎದುರು ನಿಂತು.

ಇಷ್ಟು ಹೊತ್ತು ಕಾಕೂ ಮಾತಾಡಿರಲಿಲ್ಲ. ಅಂಗಾತ ಮಲಗಿದರೆ ಬೆನ್ನಿಗೆ ನೋವು ಒತ್ತಿ ಬರುತ್ತಿತ್ತು. ಅದಕ್ಕೆ ಮಂಚದ ಮೇಲೆ ಮುಂದಕ್ಕೆ ಬಾಗಿ, ದಿಂಬನ್ನು ಹೊಟ್ಟೆಗೆ ಅವುಚಿಕೊಂಡು ಕೂತಿದ್ದರು.

‘ಅದು ಮಾಡಿಸಿದ್ರ ರಾತ್ರಿ ಮಲಗಾಕ ಬರ್ತದೇನು?’

ಆ ವರದಿಗಳೆಲ್ಲ ಸೇರಿ ಧೈರ್ಯವಾಗಿ ಉತ್ತರ ಕೊಡಬಲ್ಲದ್ದು ಈ ಒಂದು ಪ್ರಶ್ನೆಗೆ. ಬರಬಹುದು ಅಂದೆ. ಅದಕ್ಕೂ ಮೊದಲು ನೋಡಬೇಕಾದ ಜಾಗ ಇನ್ನೊಂದಿದೆ ಎಂದೂ ಸೇರಿಸಿದೆ. ಮರುದಿನ ಬೆಳಿಗ್ಗೆ ದಿಂಬಿನ ಸಮೇತ ಅವರನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ವಾರ್ಜೆಗೆ ಹೊರಟೆವು.