ಜಾಗ ಬಿಟ್ಟುಕೊಡುವ ಸೂಚನೆ

ಟೆಂಪ್ಲೇಟು ತೆರೆದಾಗ ಬೂದುಬಣ್ಣದಲ್ಲಿ ‘ಸಭೆಯ ದಿನಾಂಕ ಇಲ್ಲಿ ಬರೆಯಿರಿ’ ಎಂದು ಕಾಣುತ್ತದಲ್ಲ, ಆ ಸಾಲಿನ ಮೇಲೆ ನನಗೆ ಬಹಳ ಗೌರವ. ಟೈಪಿಸಲು ತೊಡಗಿದರೆ ಸಾಕು, ತಾನಾಗಿ ಜಾಗ ಬಿಡುತ್ತದೆ. ಅಳಿಸುವ ಕೆಲಸವೇ ಇಲ್ಲ. ವರ್ಡ್ 2007ರಲ್ಲಿ ಬಂದ ಕಂಟೆಂಟ್ ಕಂಟ್ರೋಲ್‌ಗಳು ಇದನ್ನು ಸುಲಭ ಮಾಡಿದವು. ಅದಕ್ಕೂ ಮೊದಲು ಟೆಂಪ್ಲೇಟು ಕಟ್ಟುವವರು ಮ್ಯಾಕ್ರೋಬಟನ್ ಎಂಬ ಫೀಲ್ಡಿಗೆ ಇಲ್ಲದ ಮ್ಯಾಕ್ರೋ ಒಂದರ ಹೆಸರು ಕೊಡುತ್ತಿದ್ದರು. ಒಂದೇ ಕ್ಲಿಕ್ಕಿಗೆ ಇಡೀ ಸೂಚನೆ ಆಯ್ಕೆಯಾಗುತ್ತಿತ್ತು, ಟೈಪಿಸಿದ್ದು ಅದರ ಜಾಗದಲ್ಲಿ ಕೂರುತ್ತಿತ್ತು. ಎಂಥ ಜಾಣತನ! ಲಿಬ್ರೆಆಫೀಸ್ ರೈಟರ್‌ನ ಪ್ಲೇಸ್‌ಹೋಲ್ಡರ್‌ನಲ್ಲಿ ಪುಟದ ಮೇಲೆ ಚಿಕ್ಕ ಹೆಸರು, ಮೌಸ್ ಇಟ್ಟರೆ ವಿವರಣೆ.

ಆದರೂ ಉಪಕರಣಕ್ಕಿಂತ ಮಾತು ದೊಡ್ಡದು. ‘ಪಠ್ಯ ನಮೂದಿಸಲು ಇಲ್ಲಿ ಕ್ಲಿಕ್ ಮಾಡಿ’ ಎಂಬ ಸಿದ್ಧ ವಾಕ್ಯ ಯಾರಿಗೂ ದಾರಿ ತೋರಿಸದು. ‘ನಿರ್ಣಯವನ್ನು ಎರಡು ವಾಕ್ಯದಲ್ಲಿ ಬರೆಯಿರಿ, ಹೊಣೆ ಹೊತ್ತವರ ಹೆಸರು, ಕೊನೆಯ ದಿನ ಸೇರಿಸಿ’ ಎಂದರೆ ಹೊಸದಾಗಿ ಸೇರಿದ ಗುಮಾಸ್ತರೂ ಯಾರನ್ನೂ ಕೇಳದೆ ನಡಾವಳಿ ಮುಗಿಸುತ್ತಾರೆ. ವರ್ಡ್‌ನಲ್ಲಿ ತುಂಬದೆ ಬಿಟ್ಟ ಸೂಚನೆ ಮುದ್ರಣದಲ್ಲೂ ಬಂದುಬಿಡುತ್ತದೆ, ನಿಜ. ಅದಕ್ಕೇ ಬಲ್ಲವರು ಉದ್ದದ ವಿವರಣೆಯನ್ನು ಹಿಡನ್ ಟೆಕ್ಸ್ಟ್ ಆಗಿ ಇಡುತ್ತಾರೆ: ಪ್ಯಾರಾ ಗುರುತಿನ ಗುಂಡಿ ಒತ್ತಿದರೆ ಪರದೆಯಲ್ಲಿ ಓದಬಹುದು, ಮುದ್ರಣದ ಆಯ್ಕೆ ಬದಲಿಸದ ಹೊರತು ಕಾಗದಕ್ಕೆ ಇಳಿಯುವುದಿಲ್ಲ.