ತಾರೀಖು ಮತ್ತು ಛೂಬಾಣ

ಕನ್ನಡ ದಿನಪತ್ರಿಕೆಗಳ ಎರಡು ಪುಟ್ಟ ಅಂಕಣಗಳಿಗೆ ಸಂಪಾದಕೀಯಕ್ಕಿಂತ ದೊಡ್ಡ ಓದುಗವರ್ಗವಿದೆ. ಒಂದು, ಇತಿಹಾಸದಲ್ಲಿ ಈ ದಿನ ಏನಾಯಿತು ಎಂದು ಹೇಳುವ ಚೌಕ. ಇನ್ನೊಂದು, ರಾಜಕಾರಣಿಗಳ ಕಾಲೆಳೆಯುವ ಚುಟುಕು ವ್ಯಂಗ್ಯ. ಗಾಂಧಿಬಜಾರಿನಲ್ಲಿ ಬೈಟು ಕಾಫಿಗೆ ಕಾಯುತ್ತ ಇವೆರಡನ್ನು ಮುಗಿಸಿ ಪತ್ರಿಕೆ ಮಡಚುವವರು ಬೇಕಾದಷ್ಟು ಮಂದಿ. ಈಗಂತೂ ಎರಡೂ ವಾಟ್ಸ್ಯಾಪ್‌ನಲ್ಲಿ ಶುಭೋದಯದ ಹೂವಿನ ಬೆನ್ನಿಗೇ ಬಂದು ಬೀಳುತ್ತವೆ. ಆದರೆ ಒಂದೇ ಪುಟದಲ್ಲಿದ್ದರೂ ಇವು ಮಾತು ಬಿಟ್ಟ ದಾಯಾದಿಗಳ ಹಾಗೆ. ಚೌಕಕ್ಕೆ ವಿವೇಚನೆ ಇಲ್ಲ, ವ್ಯಂಗ್ಯಕ್ಕೆ ನೆನಪಿಲ್ಲ. ಒಂದರ ಕೊರತೆಯನ್ನು ಇನ್ನೊಂದು ತುಂಬಬಹುದಿತ್ತು ಎಂಬುದೇ ನನ್ನ ತಕರಾರು.

ಚೌಕವನ್ನೇ ಮೊದಲು ನೋಡೋಣ. ನವೆಂಬರ್ 10 ಎಂದರೆ 1483ರಲ್ಲಿ ಮಾರ್ಟಿನ್ ಲೂಥರ್ ಹುಟ್ಟಿದ, 1659ರಲ್ಲಿ ಪ್ರತಾಪಗಡದ ಬುಡದಲ್ಲಿ ಅಫ್ಜಲ್ ಖಾನ್ ಸತ್ತ, 1938ರಲ್ಲಿ ಅತಾತುರ್ಕ್ ತೀರಿಕೊಂಡ. ಜರ್ಮನಿ, ಮಹಾರಾಷ್ಟ್ರ, ತುರ್ಕಿ ಎಲ್ಲಕ್ಕೂ ತಲಾ ಒಂದು ಸಾಲು. ಏಕೆ, ಅದರಿಂದ ಏನಾಯಿತು, ನಮಗದು ಏಕೆ ಬೇಕು ಎಂಬ ಮಾತೇ ಇಲ್ಲ. 1905ರ ಅದೇ ದಿನ ಹುಟ್ಟಿದ ಡಾ. ಎಂ. ಶಿವರಾಂ ಅವರಿಗೆ, ಅಂದರೆ ನಗೆ ಮಾಸಿಕ ‘ಕೊರವಂಜಿ’ಯ ರಾಶಿಯವರಿಗೆ, ಇಂಥ ಪಟ್ಟಿಯಲ್ಲಿ ಜಾಗ ಸಿಗುವುದು ಅಪರೂಪ. ಸಿದ್ಧ ಇಂಗ್ಲಿಷ್ ಪಟ್ಟಿಯಿಂದ ಎತ್ತಿಕೊಂಡರೆ ಆಗುವುದೇ ಹೀಗೆ. ಊರಿನವರು ಊರಿನ ಪತ್ರಿಕೆಯಲ್ಲೇ ಪರದೇಶಿಗಳಾಗುತ್ತಾರೆ.

ಜೂನ್ 26ರ ಚೌಕದಲ್ಲಿ ‘1975: ತುರ್ತು ಪರಿಸ್ಥಿತಿ’ ಎಂದು ಬರೆದರೆ ತಪ್ಪಿಲ್ಲ, ಘೋಷಣೆಯಾದದ್ದು 25ರ ರಾತ್ರಿ, ದೇಶಕ್ಕೆ ಗೊತ್ತಾದದ್ದು 26ರ ಬೆಳಗ್ಗೆ. ಆದರೆ ಬೆಂಗಳೂರಿನ ಓದುಗನಿಗೆ ಬೇಕಾದ ಕಥೆ ಅದರ ಮುಂದಿನದು. ಆ ಬೆಳಗ್ಗೆ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಸಂಸದೀಯ ಸಮಿತಿಯ ಕೆಲಸಕ್ಕೆಂದು ಬಂದು ಇದೇ ಊರಿನಲ್ಲಿದ್ದರು. ಇಲ್ಲೇ ಬಂಧಿತರಾಗಿ ಸೆಂಟ್ರಲ್ ಜೈಲು ಸೇರಿದರು. ಆ ಜೈಲೇ ಇಂದಿನ ಫ್ರೀಡಂ ಪಾರ್ಕ್, ನಗರದಲ್ಲಿ ಪ್ರತಿಭಟನೆಗೆ ಅನುಮತಿ ಇರುವ ಏಕೈಕ ಜಾಗ. ಆಗ ಸರ್ಕಾರವನ್ನು ವಿರೋಧಿಸಿದವರನ್ನು ಹಿಡಿದು ಒಳಗೆ ಹಾಕುತ್ತಿದ್ದರು; ಈಗ ವಿರೋಧಿಸಬೇಕೆಂದರೆ ನಾವೇ ಅರ್ಜಿ ಹಾಕಿ ಒಳಗೆ ಹೋಗಬೇಕು. ಈ ವ್ಯಂಗ್ಯವನ್ನು ಯಾರೂ ಕಷ್ಟಪಟ್ಟು ಹೊಸೆಯಬೇಕಾಗಿಲ್ಲ. ತಾರೀಖಿನ ಪಕ್ಕ ಜಾಗದ ಹೆಸರು ಬರೆದರೆ ತಾನಾಗಿ ಹುಟ್ಟುತ್ತದೆ. ನಗು ಎಲ್ಲಿ ನಿಲ್ಲಬೇಕು ಎಂಬುದನ್ನೂ ಅದೇ ಜಾಗ ಹೇಳುತ್ತದೆ. ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿ ಇದೇ ಜೈಲಿನಲ್ಲಿ ಅಸ್ತಮಾದಿಂದ ನರಳಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ತೀರಿಕೊಂಡರು.

ಇನ್ನು ವ್ಯಂಗ್ಯದ ಕಡೆ ಬರೋಣ. ಈ ಊರಿನಲ್ಲಿ ಅದಕ್ಕೆ ದೊಡ್ಡ ಮನೆತನವೇ ಇದೆ. 1942ರಿಂದ 1967ರವರೆಗೆ ನಡೆದ ‘ಕೊರವಂಜಿ’ ವೈದ್ಯರಾಗಿದ್ದ ರಾಶಿಯವರು ನಡೆಸಿದ ಮಾಸಿಕ. ಆರ್. ಕೆ. ಲಕ್ಷ್ಮಣ್ ಆರಂಭದ ದಿನಗಳಲ್ಲಿ ಅದಕ್ಕೆ ಚಿತ್ರ ಬರೆದರು, ನಾ. ಕಸ್ತೂರಿ ಅದರ ಬಲಗೈಯಂತಿದ್ದರು. ರಾಶಿಯವರ ನಗು ಕಚ್ಚುತ್ತಿರಲಿಲ್ಲ, ಚಿವುಟುತ್ತಿತ್ತು. ಗುಮಾಸ್ತ, ಬಾಡಿಗೆಮನೆ, ಸಂಸಾರದ ತಾಪತ್ರಯಗಳ ನಡುವೆಯೇ ರಾಜಕೀಯವೂ ಬಂದುಹೋಗುತ್ತಿತ್ತು. ಅದೇ ಅದರ ಸೊಗಸು, ಅದೇ ಅದರ ಮಿತಿ. ಪೇಟೆಯ ಮಧ್ಯಮವರ್ಗದ ಪಡಸಾಲೆ ದಾಟಿದ ಕನ್ನಡನಾಡು ಅದರಲ್ಲಿ ಕಂಡದ್ದು ಕಡಿಮೆ.

‘ಪ್ರಜಾವಾಣಿ’ಯ ಟಿ. ಎಸ್. ರಾಮಚಂದ್ರರಾವ್ ಅವರ ‘ಛೂಬಾಣ’ ಆ ನಗುವನ್ನು ಪಡಸಾಲೆಯಿಂದ ವಿಧಾನಸೌಧದ ಮೆಟ್ಟಿಲಿಗೆ ತಂದಿತು. ಕೆಲವೇ ಸಾಲು, ದಿನದ ಸುದ್ದಿ, ಒಂದು ತಿವಿತ. ಸುದ್ದಿಯ ಸರಕು ಗೊತ್ತಿದ್ದ ಸಂಪಾದಕರೇ ಬರೆಯುತ್ತಿದ್ದುದರಿಂದ ಬಾಣ ಗುರಿ ತಪ್ಪುತ್ತಿರಲಿಲ್ಲ. 1980ರಲ್ಲಿ ಆರಂಭವಾದ ‘ಲಂಕೇಶ್ ಪತ್ರಿಕೆ’ ಬಸವನಗುಡಿಯಲ್ಲಿ ಕೂತು, ಜಾಹೀರಾತು ಬೇಡವೆಂದು, ಮುಖ್ಯಮಂತ್ರಿಗಳಿಗೇ ಅಡ್ಡಹೆಸರಿಟ್ಟಿತು. ಗುಂಡೂರಾಯರು ‘ಗುಂ’ ಆದರು, ಬಂಗಾರಪ್ಪ ‘ಬಂ’ ಆದರು. ಆ ಒಂದಕ್ಷರದ ಹಿಂದೆ ಪುಟಗಟ್ಟಲೆ ವರದಿ ಇರುತ್ತಿತ್ತು. ಲಂಕೇಶರ ಬಳಿಕ ಅನೇಕರು ಅಡ್ಡಹೆಸರನ್ನು ಮಾತ್ರ ಬಳುವಳಿಯಾಗಿ ಪಡೆದರು, ವರದಿಯ ಬೆವರನ್ನು ಬಿಟ್ಟುಕೊಟ್ಟರು. ಇಂದಿನ ರಾಜಕೀಯ ವ್ಯಂಗ್ಯ ಹೆಸರಿನ ಪ್ರಾಸ, ಮೈಕಟ್ಟು, ತೊದಲು, ನಿದ್ದೆ ಇಷ್ಟಕ್ಕೇ ಇಳಿದಿರುವುದಕ್ಕೆ ಇದೂ ಒಂದು ಕಾರಣ. ನಾಯಕರು ಸಭೆಯಲ್ಲಿ ತೂಕಡಿಸಿದರೆ ನಾಲ್ಕು ದಿನ ನಗುತ್ತೇವೆ. ಐದು ವರ್ಷ ಹಿಂದೆ ಎಚ್ಚರವಿದ್ದಾಗ ಏನು ಹೇಳಿದ್ದರು ಎಂದು ಯಾರೂ ತೆಗೆದು ನೋಡುವುದಿಲ್ಲ.

ರೆಸಾರ್ಟ್ ರಾಜಕಾರಣದ ನಗೆಹನಿಗಳನ್ನೇ ತೆಗೆದುಕೊಳ್ಳಿ. 2019ರ ಜುಲೈನಲ್ಲಿ ನಮ್ಮ ಶಾಸಕರು ಮುಂಬೈ ಹೋಟೆಲು ಸೇರಿದಾಗ ಈಜುಕೊಳ, ಬಿರಿಯಾನಿ, ರೂಮ್ ಸರ್ವೀಸ್ ಬಗ್ಗೆ ನೂರು ಜೋಕು ಬಂದವು. ಆದರೆ 1984ರ ಆಗಸ್ಟ್ 16ರಂದು ಆಂಧ್ರದಲ್ಲಿ ಎನ್. ಟಿ. ರಾಮರಾವ್ ಸರ್ಕಾರ ವಜಾ ಆದಾಗ ಅವರ ಶಾಸಕರನ್ನು ರಾಮಕೃಷ್ಣ ಹೆಗಡೆಯವರ ಕರ್ನಾಟಕ ಕರೆಸಿಕೊಂಡು ನಂದಿಬೆಟ್ಟದಲ್ಲೂ ಇತರೆಡೆಯೂ ಕಾಪಾಡಿತ್ತು. ಸೆಪ್ಟೆಂಬರ್ 16ಕ್ಕೆ ರಾಮರಾವ್ ಮತ್ತೆ ಗದ್ದುಗೆ ಏರಿದರು. ಅಂದು ಪ್ರಜಾಪ್ರಭುತ್ವವನ್ನು ಉಳಿಸಿದ ಉಪಾಯವೇ ಮುಂದೆ ಅದನ್ನು ಬುಡಮೇಲು ಮಾಡುವ ವಿದ್ಯೆಯಾಯಿತು. ಅಂದಿನ ಆತಿಥೇಯ ರಾಜ್ಯ ಇಂದು ಅತಿಥಿಗಳನ್ನು ಸರಬರಾಜು ಮಾಡುತ್ತಿದೆ. ಇಲ್ಲಿ ನಗು ಬರುತ್ತದೆ, ಜೊತೆಗೆ ನಾಚಿಕೆಯೂ ಬರುತ್ತದೆ. ಬಿರಿಯಾನಿ ಜೋಕಿನಲ್ಲಿ ಎರಡನೆಯದು ಇಲ್ಲ.

ನಾವು ತಾರೀಖನ್ನು ಬಿಟ್ಟುಕೊಟ್ಟ ಜಾಗಕ್ಕೆ ಪಕ್ಷಗಳು ಬಂದು ಕೂತಿವೆ. 2016ರ ನವೆಂಬರ್ 8ರ ನೋಟು ರದ್ದತಿಗೆ ವರ್ಷ ತುಂಬಿದಾಗ ಆಳುವವರಿಗೆ ಅದು ಕಪ್ಪುಹಣ ವಿರೋಧಿ ದಿನ, ವಿರೋಧಿಗಳಿಗೆ ಕರಾಳ ದಿನ. 2024ರ ಜುಲೈನಲ್ಲಿ ಕೇಂದ್ರ ಸರ್ಕಾರ ಜೂನ್ 25ನ್ನು ‘ಸಂವಿಧಾನ ಹತ್ಯಾ ದಿವಸ’ ಎಂದು ಘೋಷಿಸಿತು. ಹಾಗಾದರೆ ಲೋಕಸಭಾ ಫಲಿತಾಂಶ ಬಂದ ಜೂನ್ 4 ‘ಮೋದಿ ಮುಕ್ತಿ ದಿವಸ’ ಎಂದು ಕಾಂಗ್ರೆಸ್ಸಿನ ಜೈರಾಂ ರಮೇಶ್ ಮರುಬಾಣ ಬಿಟ್ಟರು. ನಮ್ಮಲ್ಲಿ 2015ರಲ್ಲಿ ಒಂದು ಸರ್ಕಾರ ನವೆಂಬರ್ 10ನ್ನು ಟಿಪ್ಪು ಜಯಂತಿ ಮಾಡಿತು, 2019ರಲ್ಲಿ ಬಂದ ಇನ್ನೊಂದು ಸರ್ಕಾರ ವಾರದೊಳಗೇ ಅದನ್ನು ಅಳಿಸಿತು. ಟಿಪ್ಪು ಹುಟ್ಟಿದ್ದು ನವೆಂಬರ್ 20ರಂದು ಎಂಬುದು ಹೆಚ್ಚಿನ ಪುಸ್ತಕಗಳ ಲೆಕ್ಕ. ಆಚರಿಸಿದವರಿಗೂ ಅಳಿಸಿದವರಿಗೂ ಅದು ಮುಖ್ಯವಾಗಿರಲಿಲ್ಲ. ವಾರ್ಷಿಕೋತ್ಸವ ಹೀಗೆ ಪಕ್ಷದ ಬಾವುಟವಾಗುವಾಗ ತಾರೀಖಿನ ಚೌಕ ಗೊಂಬೆಯಂತೆ ಕೂತರೆ ಅದು ನಿಷ್ಪಕ್ಷಪಾತವಲ್ಲ, ಸೋಮಾರಿತನ.

ಬೇಕಾಗಿರುವುದು ಹೊಸ ಅಂಕಣವಲ್ಲ, ಹಳೆಯ ಎರಡರ ನಡುವಿನ ಗೋಡೆ ಒಡೆಯುವುದು. 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಆ ಭಯದಲ್ಲೇ ಬಸವನಗುಡಿ, ಮಲ್ಲೇಶ್ವರಗಳು ಅಗಲ ರಸ್ತೆ, ಗಾಳಿ ಬೆಳಕಿನ ಬಡಾವಣೆಗಳಾಗಿ ಬೆಳೆದವು. ಇಂದು ಆ ರಸ್ತೆಗಳನ್ನು ಅಗೆಯುವವರ ಕೈಗೆ ಆಗಸ್ಟಿನ ಒಂದು ದಿನ ಆ ಸಾಲು ಸಿಗಬೇಕು. ಸೆಪ್ಟೆಂಬರ್ 10 ಇನ್ನೂ ಮುಖ್ಯ. 2020ರ ಆ ದಿನ ಬಿಬಿಎಂಪಿ ಸದಸ್ಯರ ಅವಧಿ ಮುಗಿಯಿತು. ಮುಂದಿನ ಐದು ವರ್ಷ ಚುನಾವಣೆಯೇ ನಡೆಯಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆ ಐದಾಯಿತು, ಚುನಾಯಿತ ಸದಸ್ಯರು ಸೊನ್ನೆಯಾಗೇ ಇದ್ದರು. ಐದನ್ನು ಸೊನ್ನೆಯಿಂದ ಗುಣಿಸಿದರೆ ಎಷ್ಟು ಎಂಬುದು ಒಂದನೇ ಮೇನಿನ ಗುಂಡಿಗೆ ಬಿದ್ದವರಿಗೆ ಗೊತ್ತು. ಪಟ್ಟಿಯಲ್ಲಿ ಲೂಥರನಿಗೆ ಕೊಟ್ಟ ಒಂದು ಸಾಲನ್ನು ಈ ದಿನಕ್ಕೆ ಕೊಟ್ಟಿದ್ದರೆ ನಗರದ ಪ್ರತಿ ವ್ಯಂಗ್ಯಕಾರನಿಗೂ ವರ್ಷಕ್ಕೊಮ್ಮೆ ಕೆಲಸ ಸಿಗುತ್ತಿತ್ತು.

ಎರಡೂ ಅಂಕಣಗಳ ಬಗ್ಗೆ ನನ್ನ ತೀರ್ಪು ಇಷ್ಟೇ. ಹತ್ತು ತಾರೀಖು ಬೇಡ, ಮೂರು ಸಾಕು. ಅದರಲ್ಲೊಂದು ನಮ್ಮ ಊರಿನದಾಗಿರಲಿ, ಮೂರನ್ನೂ ಒಬ್ಬರು ಪರಿಶೀಲಿಸಿರಲಿ. ವ್ಯಂಗ್ಯ ಬರೆಯುವವರು ಲೇಖನಿ ಹಿಡಿಯುವ ಮುನ್ನ ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತಿನ ಗ್ರಂಥಾಲಯದಲ್ಲೋ ತಮ್ಮದೇ ಕಚೇರಿಯ ಹಳೆಯ ಸಂಚಿಕೆಗಳಲ್ಲೋ ಒಂದು ಗಂಟೆ ಕೂರಲಿ. ತಾವು ಮರೆತ ಮಾತನ್ನು ತಾರೀಖು ಸಮೇತ ಎದುರಿಗಿಟ್ಟು ನಗುವವನಿಗೆ ರಾಜಕಾರಣಿಗಳು ಹೆದರುತ್ತಾರೆ. ಅವರ ನಿದ್ದೆಯನ್ನು ನೋಡಿ ನಗುವವನಿಗಲ್ಲ.