ಕೊನೆಯ ಸೈಕಲ್ಲಿನ ವೇಗ

ಬೆಳಗಾವಿಯಿಂದ ಉದ್ಯಮಬಾಗ ದಾಟಿ ದಕ್ಷಿಣಕ್ಕೆ ಬಂದರೆ ಪೀರನವಾಡಿ ಕ್ರಾಸಿನಲ್ಲಿ ರಸ್ತೆ ಎರಡಾಗುತ್ತದೆ. ಒಂದು ಮಚ್ಛೆ, ದೇಸೂರು ಹಾದು ಖಾನಾಪುರಕ್ಕೆ ಹೋಗುವ ಅಗಲವಾದ ಹೆದ್ದಾರಿ. ಇನ್ನೊಂದು ಕಿಣಯೆ, ಕುಸಮಳಿ, ಜಾಂಬೋಟಿ, ಕಣಕುಂಬಿಗಳನ್ನು ಮುಟ್ಟಿ ಚೋರ್ಲಾ ಘಾಟಿನಲ್ಲಿ ಗೋವೆಗೆ ಇಳಿಯುವ ದಾರಿ. 2020ರ ಆಗಸ್ಟ್‌ನಲ್ಲಿ ಸಂಗೊಳ್ಳಿ ರಾಯಣ್ಣನ ಪ್ರತಿಮೆಯ ವಿಷಯವಾಗಿ ನಾಡೆಲ್ಲ ಪೀರನವಾಡಿಯ ಹೆಸರು ಕೇಳಿತ್ತು. ರವಿವಾರ ಬೆಳಗಿನ ಜಾವ ಇಲ್ಲಿ ಬಂದು ನಿಲ್ಲುವ ಸೈಕಲ್ ಗುಂಪುಗಳಿಗೆ ಮಾತ್ರ ಇದು ಪೇಟೆ ಮುಗಿಯುವ ಜಾಗ. ಹಿಂದೆ ಉಳಿದವರು ಕೂಡಿಕೊಳ್ಳುವುದು, ಟಾಯರಿನ ಹವಾ ಒತ್ತಿ ನೋಡುವುದು, ಎಡಕ್ಕೋ ಬಲಕ್ಕೋ ಎಂದು ತೀರ್ಮಾನಿಸುವುದು ಎಲ್ಲವೂ ಇಲ್ಲಿಯೇ.

ಹೀಗೆ ಹತ್ತಾರು ಜನ ಕೂಡಿ ಅರ್ಧ ದಿನವೋ ಇಡೀ ದಿನವೋ ಹಳ್ಳಿಯ ದಾರಿಯಲ್ಲಿ ಸೈಕಲ್ ತುಳಿಯುವುದು ಈಗ ಬೆಳಗಾವಿಯಲ್ಲಿ ಗಟ್ಟಿಯಾದ ರೂಢಿ. ವೈದ್ಯರು, ಕಾಲೇಜು ಹುಡುಗರು, ಫೌಂಡ್ರಿ ಮಾಲೀಕರು, ಬ್ಯಾಂಕಿನವರು, ನಿವೃತ್ತ ಸೈನಿಕರು ಇದರಲ್ಲಿದ್ದಾರೆ. ಇದನ್ನು ಹೊಗಳುವವರೆಲ್ಲ ಸಕ್ಕರೆ ಕಾಯಿಲೆ, ಹೃದಯ, ಮೊಣಕಾಲುಗಳ ಲೆಕ್ಕದಲ್ಲಿ ಹೊಗಳುತ್ತಾರೆ. ಆ ಹೊಗಳಿಕೆ ಸುಳ್ಳಲ್ಲ, ಆದರೆ ಆ ಲಾಭವನ್ನೆಲ್ಲ ಒಬ್ಬರೇ ತುಳಿದೂ ಪಡೆಯಬಹುದು. ಕೂಡಿ ಹೋಗುವುದಕ್ಕೆ ಬೇರೆ ಕಾರಣವಿರಬೇಕು, ಅದರ ಬೆಲೆಯನ್ನು ಬೇರೆ ಅಳತೆಯಲ್ಲಿ ನೋಡಬೇಕು. ನನ್ನ ಮಟ್ಟಿಗೆ ಆ ಅಳತೆ ಒಂದೇ: ಗುಂಪಿನ ಕೊನೆಗೆ ಬರುವವರನ್ನು ಮುಂದಿನವರು ಹೇಗೆ ನಡೆಸಿಕೊಳ್ಳುತ್ತಾರೆ?

ಮೊದಲು ದಾರಿಯ ಮಾತು. ಖಾನಾಪುರ ಬೆಳಗಾವಿಗೆ 26 ಕಿಲೋಮೀಟರ್. ಹೆದ್ದಾರಿ ಅಗಲವಾದ ಮೇಲೆ ಗಣೇಬೈಲಿನ ಟೋಲ್ ನಾಕಾದವರೆಗೂ ಗಾಲಿ ನೀರಿನ ಮೇಲೆ ಹೋದಂತೆ ಹೋಗುತ್ತದೆ. ವೇಗ ಬೇಕಾದವರಿಗೆ ಇದಕ್ಕಿಂತ ಒಳ್ಳೆಯ ರಸ್ತೆ ಸಿಗದು. ಆದರೆ ವಾಹನಗಳ ಸದ್ದಿನಲ್ಲಿ ಪಕ್ಕಪಕ್ಕದಲ್ಲಿ ಹೋಗುವವರಿಗೂ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ. ರಸ್ತೆಯ ಅಂಚಿನಲ್ಲಿ ಸಿಡಿದುಬಿದ್ದ ಲಾರಿ ಟಾಯರುಗಳ ಒಳಗಿನ ಕೂದಲೆಳೆಯಂಥ ಉಕ್ಕಿನ ತಂತಿಗಳಿರುತ್ತವೆ. ಜಾಲಿ ಮುಳ್ಳು ಕಣ್ಣಿಗೆ ಬೀಳುತ್ತದೆ; ಈ ತಂತಿ ಬೀಳುವುದಿಲ್ಲ. ಪಂಕ್ಚರ್ ತೆಗೆಸಿ ಹೊಸ ಟ್ಯೂಬ್ ಹಾಕಿದರೂ ಟಾಯರಿನ ಒಳಗೆ ಬೆರಳಾಡಿಸಿ ಆ ತಂತಿಯನ್ನು ಹುಡುಕಿ ಕೀಳದಿದ್ದರೆ ನಾಲ್ಕು ಮೈಲು ಹೋಗುವುದರೊಳಗೆ ಮತ್ತೆ ಹವಾ ಇಳಿಯುತ್ತದೆ. ಈ ದಾರಿಯ ಇನ್ನೊಂದು ಮೋಸ ಇಳಿಜಾರಿನದು. ಖಾನಾಪುರ ಬೆಳಗಾವಿಗಿಂತ ನೂರು ಮೀಟರಿನಷ್ಟು ತಗ್ಗಿನಲ್ಲಿದೆ. ಹೋಗುವಾಗ ಎಲ್ಲರೂ ಗಟ್ಟಿ ಸವಾರರೇ. ಬಿಸಿಲು ಏರಿದ ಮೇಲೆ ಆ ನೂರು ಮೀಟರನ್ನು ಮರಳಿ ಹತ್ತುವಾಗ ಯಾರು ಎಷ್ಟು ಗಟ್ಟಿ ಎಂಬುದು ತಿಳಿಯುತ್ತದೆ.

ಖಾನಾಪುರ ದಾಟಿದ ಮೇಲೆ ದಾರಿ ಮತ್ತೆ ಮನುಷ್ಯರದಾಗುತ್ತದೆ. 1831ರ ಜನವರಿ 26ರಂದು ರಾಯಣ್ಣನನ್ನು ಗಲ್ಲಿಗೇರಿಸಿದ ನಂದಗಡ, ಅಲ್ಲಿಂದ ಮುಂದೆ ಕದಂಬರ ಕಾಲದ ಹಲಸಿ. ಭೂವರಾಹ ನರಸಿಂಹ ಗುಡಿಯಲ್ಲಿ ಎರಡು ಗರ್ಭಗುಡಿಗಳು ಎದುರುಬದುರಾಗಿವೆ. ನಡುವಿನ ಕಲ್ಲು ಹಾಸಿನ ತಂಪಿನಲ್ಲಿ ಬೆನ್ನು ಚಾಚಿ ಕುಳಿತವರಿಗೆ, ಕಾರಿನಲ್ಲಿ ಬಂದು ಹತ್ತು ನಿಮಿಷದಲ್ಲಿ ಫೋಟೋ ತೆಗೆದುಕೊಂಡು ಹೋಗುವವರಿಗೆ ಸಿಗದ ಸಮಯ ಸಿಗುತ್ತದೆ. ದಣಿದು ಬಂದವರು ಗುಡಿಯನ್ನು ಬೇಗ ಬಿಟ್ಟು ಏಳುವುದಿಲ್ಲ.

ಆದರೂ ಪೀರನವಾಡಿಯಲ್ಲಿ ನಿಂತು ಆರಿಸು ಎಂದರೆ ನಾನು ಜಾಂಬೋಟಿ ದಾರಿಯನ್ನೇ ಆರಿಸುವೆ. ಬೆಳಗಾವಿ ಸಮುದ್ರಮಟ್ಟದಿಂದ 750 ಮೀಟರಿನಷ್ಟು ಎತ್ತರದಲ್ಲಿದೆ. ಮಲಪ್ರಭೆ ಹುಟ್ಟುವ ಕಣಕುಂಬಿ 792 ಮೀಟರ್. ಹೆಚ್ಚುಕಡಿಮೆ ಸರಿಸಮ. ನಕಾಶೆ ನೋಡಿದವರು ಸಪಾಟು ದಾರಿ ಎಂದುಕೊಂಡಾರು. ರಸ್ತೆ ಮಾತ್ರ ಹೊಳೆ ಹಳ್ಳಗಳಿಗೆಲ್ಲ ಇಳಿದು ಎದ್ದು ಹೋಗುತ್ತದೆ. ಒಂದು ಏರಿನ ದಣಿವು ಆರುವುದರೊಳಗೆ ಇನ್ನೊಂದು ಏರು. ಕಿಣಯೆಯ ಕಡೆಗಿನ ಭತ್ತದ ಗದ್ದೆಗಳು ಮುಗಿದು ಕುಸಮಳಿಯ ಹತ್ತಿರ ಮಲಪ್ರಭೆಯನ್ನು ದಾಟಿದರೆ ಕಾಡಿನ ಗಾಳಿ ಮುಖಕ್ಕೆ ಬಡಿಯುತ್ತದೆ. ಆ ತಂಪು ಶುರುವಾಗುವ ತಿರುವು ಯಾವುದೆಂದು ಸೈಕಲ್ಲಿನವರಿಗೆ ಗೊತ್ತು. ಏಪ್ರಿಲ್, ಮೇ ತಿಂಗಳಲ್ಲಿ ಹೆಣ್ಣುಮಕ್ಕಳು ರಸ್ತೆ ಬದಿಗೆ ಬುಟ್ಟಿ, ಎಲೆಯ ದೊನ್ನೆಗಳಲ್ಲಿ ಕವಳಿ ಹಣ್ಣು ಇಟ್ಟುಕೊಂಡು ಕುಳಿತಿರುತ್ತಾರೆ. ಮಳೆ ಹಿಡಿಯುವ ಹೊತ್ತಿಗೆ ನೇರಳೆ. ಗಂಟೆಗೆ ಹದಿನೈದು ಕಿಲೋಮೀಟರ್ ವೇಗದಲ್ಲಿ ಹೋಗುವವರು ಆ ಬುಟ್ಟಿಯನ್ನು ನೋಡಿ, ನಿಲ್ಲಬೇಕೆಂದುಕೊಂಡು, ನಿಲ್ಲಬಹುದು. ಅರವತ್ತರಲ್ಲಿ ಹೋಗುವವರಿಗೆ ಬುಟ್ಟಿ ಕಂಡಾಗ ಅದು ಹಿಂದೆ ಸರಿದಿರುತ್ತದೆ.

ಗಾಳಿಯ ಲೆಕ್ಕವೂ ಈ ದಾರಿಯಲ್ಲಿ ಚೆನ್ನಾಗಿ ಕಲಿಯಲು ಸಿಗುತ್ತದೆ. ಜಾಂಬೋಟಿ ಬೆಳಗಾವಿಗೆ ನೈಋತ್ಯಕ್ಕಿದೆ. ಮಳೆಗಾಲದಲ್ಲಿ ಪಡುವಣ ಗಾಳಿ ಹೋಗುವಾಗ ಎದೆಗೆ ಒತ್ತುತ್ತದೆ, ಬರುವಾಗ ಬೆನ್ನಿಗೆ ಕೈಕೊಡುತ್ತದೆ. ಜುಲೈಯಲ್ಲಿ ತೊಯ್ದು ತೊಪ್ಪೆಯಾದವರೂ ನಗುತ್ತ ಮನೆ ಸೇರುವುದು ಇದರಿಂದಲೇ. ಡಿಸೆಂಬರಿನಲ್ಲಿ ಇದು ತಿರುವುಮುರುವು. ಮೂಡಗಾಳಿ ಹೋಗುವಾಗ ದೂಡುತ್ತದೆ. ಹುರುಪಿನಲ್ಲಿ ಇನ್ನೂ ಹತ್ತು ಕಿಲೋಮೀಟರ್ ಮುಂದೆ ಹೋಗೋಣವೆನಿಸುತ್ತದೆ. ಮರಳುವಾಗ ಅದೇ ಗಾಳಿ ಎದುರಾಗಿ ಲೆಕ್ಕ ಚುಕ್ತಾ ಮಾಡಿಕೊಳ್ಳುತ್ತದೆ. ಚಳಿಗಾಲದ ಸವಾರಿಗಳಲ್ಲಿ ಗುಂಪು ಒಡೆಯುವುದು, ಕಾಲು ಸೆಳೆತ ಹಿಡಿಯುವುದು, ಮಾತು ಬಿರುಸಾಗುವುದು ಹೆಚ್ಚಾಗಿ ಮರಳುವ ದಾರಿಯಲ್ಲಿಯೇ.

ಗುಂಪು ಒಡೆಯುವುದಕ್ಕೆ ಶರೀರಶಾಸ್ತ್ರದ ಕಾರಣವಿದೆ, ಅದನ್ನು ತಿಳಿದವರು ಹಿಂದುಳಿದವರನ್ನು ಸೋಮಾರಿ ಎನ್ನಲಾರರು. ಸಪಾಟು ದಾರಿಯಲ್ಲಿ ಇನ್ನೊಬ್ಬರ ಹಿಂದೆ ಅಂಟಿಕೊಂಡು ತುಳಿಯುವವರಿಗೆ ಗಾಳಿಯ ತಡೆ ಕಡಿಮೆಯಾಗಿ ಮೂರನೇ ಒಂದು ಭಾಗದಷ್ಟು ಶ್ರಮ ಉಳಿಯುತ್ತದೆ. ಹಾಗಾಗಿ ಬಲವುಳ್ಳವರು ಮುಂದೆ, ಬಲ ಕಡಿಮೆಯವರು ನೆರಳಿನಲ್ಲಿ, ಎಲ್ಲರೂ ಒಂದೇ ವೇಗದಲ್ಲಿ ಹೋಗಬಹುದು. ಏರು ಬಂದಾಗ ಈ ಉಪಕಾರ ನಿಂತುಹೋಗುತ್ತದೆ. ಅಲ್ಲಿ ಎದುರಾಳಿ ಗಾಳಿಯಲ್ಲ, ಮೈಯ ಭಾರ. ಯಾರ ನೆರಳೂ ಯಾರಿಗೂ ದಕ್ಕುವುದಿಲ್ಲ. ಜಾಂಬೋಟಿ ದಾರಿಯ ಪ್ರತಿ ಏರೂ ಗುಂಪನ್ನು ಚೂರು ಮಾಡುತ್ತದೆ. ಆದ್ದರಿಂದ ಗುಂಪು ಮತ್ತೆ ಕೂಡಬೇಕಾದದ್ದು ಏರಿನ ನೆತ್ತಿಯಲ್ಲಿ. ಹಳಬರ ಗುಂಪುಗಳಲ್ಲಿ ಈ ನಿಯಮವಿದೆ: ಏರಿನ ಮೇಲೆ ನಿಲ್ಲಬೇಕು, ಕೊನೆಯವರು ಬಂದು ನೀರು ಕುಡಿದು ಉಸಿರು ತೆಗೆದುಕೊಂಡ ಮೇಲೆಯೇ ಹೊರಡಬೇಕು. ಮುಂದಿನವರಿಗೆ ಹತ್ತು ನಿಮಿಷ ವಿಶ್ರಾಂತಿ ಸಿಕ್ಕು, ಕೊನೆಯವರು ಮುಟ್ಟಿದ ಕೂಡಲೇ ಎಲ್ಲರೂ ಪೆಡಲಿಗೆ ಕಾಲಿಟ್ಟರೆ ಅದು ಕಾದಂತೆ ಆಗುವುದಿಲ್ಲ. ದಣಿದವರಿಗೆ ವಿಶ್ರಾಂತಿ ತಪ್ಪಿತು, ದಣಿಯದವರಿಗೆ ಅದು ದೊರೆಯಿತು. ಹೊಸಬರು ಮುಂದಿನ ವಾರದಿಂದ ಬರುವುದನ್ನು ಬಿಡುವುದು ಇಂಥ ಕಡೆ.

ಮೊಬೈಲು ಸರಾಸರಿ ವೇಗ ತೋರಿಸತೊಡಗಿದ ಮೇಲೆ ಈ ರೂಢಿ ಕೆಟ್ಟಿದೆ ಎಂದು ನೇರವಾಗಿ ಹೇಳಬೇಕು. ಚಹಾಕ್ಕೆ ನಿಂತಾಗ ಯಂತ್ರವನ್ನೂ ನಿಲ್ಲಿಸುವುದು, ಮನೆಗೆ ಬಂದ ಮೇಲೆ ಯಾರದು ಎಷ್ಟು ಎಂದು ಹೋಲಿಸುವುದು, ಮುಂದಿನ ವಾರ ಅದನ್ನು ಮೀರಲು ಗುಂಪನ್ನು ಬಿಟ್ಟು ಓಡುವುದು. ಸೈಕಲ್ ಸ್ಪರ್ಧೆ ಬೇಕಾದವರಿಗೆ ನಮ್ಮ ಸೀಮೆಯಲ್ಲಿ ದೊಡ್ಡ ಪರಂಪರೆಯೇ ಇದೆ. ವಿಜಯಪುರ, ಬಾಗಲಕೋಟೆಯ ಕ್ರೀಡಾನಿಲಯಗಳ ಮಕ್ಕಳು ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದಿದ್ದಾರೆ. ಅವರ ಬೆವರಿಗೆ ಗೌರವ ಸಲ್ಲಬೇಕು. ಆದರೆ ರವಿವಾರದ ಸವಾರಿ ಸ್ಪರ್ಧೆಯಲ್ಲ. ದೂರದ ಸವಾರಿಯ ಫ್ರೆಂಚ್ ಪದ್ಧತಿಯಾದ ಬ್ರೆವೆ ಇದನ್ನು ಚೆನ್ನಾಗಿ ಅರಿತಿದೆ. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ 20, 600ಕ್ಕೆ 40 ಗಂಟೆ. ಅಷ್ಟರಲ್ಲಿ ಮುಗಿಸಿದವರೆಲ್ಲ ಮುಗಿಸಿದವರೇ. ಮೊದಲನೆಯವರು, ಎರಡನೆಯವರು ಎಂಬುದಿಲ್ಲ. ಲೆಕ್ಕ ಹಾಕಿದರೆ ಊಟ, ಚಹಾ, ಪಂಕ್ಚರ್ ಎಲ್ಲ ಸೇರಿ ಗಂಟೆಗೆ ಹದಿನೈದು ಕಿಲೋಮೀಟರ್ ಸಾಕು. ಜಗತ್ತಿನ ಅತಿ ಕಠಿಣ ಸವಾರಿಗಳಲ್ಲಿ ಒಂದಾದ 1200 ಕಿಲೋಮೀಟರಿನ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಕೂಡ 90 ಗಂಟೆಯ ಅವಕಾಶ ಕೊಡುತ್ತದೆ. ಅಷ್ಟು ದೂರದ ಸವಾರಿಯೇ ನಿಧಾನದವರಿಗೆ ಜಾಗ ಇಟ್ಟಿರುವಾಗ ಜಾಂಬೋಟಿಯ ತನಕದ ಸವಾರಿಗೆ ಅವಸರವೇಕೆ?

ಇನ್ನು ಫಜೀತಿಗಳು. ದೂರದ ಸವಾರಿಯ ಬಗ್ಗೆ ಬರೆಯುವವರು ಇವನ್ನು ಕೊನೆಗೊಂದು ಎಚ್ಚರಿಕೆಯ ಪಟ್ಟಿ ಮಾಡಿ ಮುಗಿಸುತ್ತಾರೆ. ನನಗೆ ಇವೇ ಈ ರೂಢಿಯ ನಡುಮನೆ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು ಕತ್ತಲಲ್ಲಿ ಹಿಂದಿನ ದೀಪವಿಲ್ಲದೆ ಹೋಗುತ್ತವೆ, ಉದುರಿದ ಕಬ್ಬಿನ ಮೇಲೆ ಸಣ್ಣ ಗಾಲಿ ಜಾರುತ್ತದೆ. ಮಳೆಗಾಲದಲ್ಲಿ ಕಣಕುಂಬಿಯ ಕಡೆ ಮಂಜು ಇಳಿದರೆ ಹತ್ತು ಮಾರು ಮುಂದಿನವರು ಕಾಣುವುದಿಲ್ಲ, ಕೆಸರು ಕುಡಿದ ಬ್ರೇಕು ಹಿಡಿಯುವುದಿಲ್ಲ, ಶೂ ಬಿಚ್ಚಿದರೆ ಉಂಬಳ. ಅಲ್ಲೆಲ್ಲ ಫೋನು ಹತ್ತುವುದೂ ಅಪರೂಪ. ಇವೆಲ್ಲ ಹೊರಗಿನಿಂದ ಬರುವವು. ಒಳಗಿನಿಂದ ಬರುವುದು ಹಸಿವು. ಮೈಯಲ್ಲಿ ಕೂಡಿಟ್ಟ ಸಕ್ಕರೆಯಂಶ ಎರಡು ಗಂಟೆಯ ಬಿರುಸಿನ ತುಳಿತಕ್ಕೆ ತೀರುತ್ತ ಬರುತ್ತದೆ. ಆಗ ಕೈ ನಡುಗುತ್ತದೆ, ಕಣ್ಣಿಗೆ ಮಬ್ಬು ಕವಿಯುತ್ತದೆ, ಕಾರಣವಿಲ್ಲದೆ ಸಿಟ್ಟು ಬರುತ್ತದೆ. ಅನುಭವಿಗಳು ಮುಖ ನೋಡಿಯೇ ಗುರುತಿಸಿ ‘ಸಾವಕಾಶ ಬರ್ರಿ, ಮೊದಲ ಇದನ್ನ ತಿನ್ರಿ’ ಎಂದು ಶೇಂಗಾ ಉಂಡಿ, ಬೆಲ್ಲ, ಬಾಳೆಹಣ್ಣು ಕೈಗಿಡುತ್ತಾರೆ. ಕಾಲು ಗಂಟೆಯಲ್ಲಿ ಮನುಷ್ಯ ಮೊದಲಿನಂತಾಗುತ್ತಾನೆ. ಪಾಕೆಟ್ಟಿನಲ್ಲಿ ವಿದೇಶಿ ಜೆಲ್ ಇಟ್ಟುಕೊಂಡವರಿಗಿಂತ ಇನ್ನೊಬ್ಬರಿಗಾಗಿ ಎರಡು ಉಂಡಿ ಹೆಚ್ಚಿಗೆ ತಂದವರು ದೊಡ್ಡ ಸವಾರರು.

ಹವಾದ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಳ್ಳಿಯ ಹಳೆ ಸೈಕಲ್ಲುಗಳ ಟ್ಯೂಬಿಗೆ ಡನ್ಲಪ್ ವಾಲ್ವ್, ಮೋಟರ್ ಸೈಕಲ್ಲಿಗೆ ಶ್ರೇಡರ್ ವಾಲ್ವ್. ದುಬಾರಿ ರೋಡ್ ಸೈಕಲ್ಲುಗಳಿಗೆ ಸಪೂರ ಕುತ್ತಿಗೆಯ ಪ್ರೆಸ್ಟಾ ವಾಲ್ವ್. ಲಕ್ಷ ರೂಪಾಯಿಯ ಸೈಕಲ್ಲು ಹಳ್ಳಿಯ ಪಂಕ್ಚರ್ ಅಂಗಡಿಯ ಮುಂದೆ ನಿಂತಾಗ ಅಲ್ಲಿನ ಪಂಪು ಅದಕ್ಕೆ ಕೂಡುವುದಿಲ್ಲ. ಬೆರಳ ತುದಿಯಷ್ಟು ಚಿಕ್ಕ ಹಿತ್ತಾಳೆಯ ಅಡಾಪ್ಟರ್ ಒಂದಿದ್ದರೆ ಕೆಲಸ ಆಗುತ್ತದೆ, ಇಲ್ಲದಿದ್ದರೆ ಟಂಟಂ ಕರೆಸಿ ಸೈಕಲ್ ಹೇರಬೇಕು. ಆದರೆ ಟಾಯರಿನ ಪಕ್ಕೆಯೇ ಸೀಳಿದಾಗ ಕೈಹಿಡಿಯುವವರು ಅದೇ ಅಂಗಡಿಯವರು. ಹಳೆ ಟಾಯರಿನ ತುಂಡು ಕತ್ತರಿಸಿ, ಅಂಚು ಉಜ್ಜಿ, ಒಳಗಿಂದ ಗೇಟರ್ ಕೊಟ್ಟು ಊರು ಮುಟ್ಟುವಂತೆ ಮಾಡುತ್ತಾರೆ. ಅವರು ಕೇಳುವ ಹಣ ನಮ್ಮ ಒಂದು ಬಾಟಲಿಯ ಬೆಲೆಯೂ ಅಲ್ಲ. ಆ ಕೆಲಸ ನಡೆಯುವಾಗ ಗುಂಪು ಸುತ್ತ ನಿಂತಿದ್ದರೆ, ‘ಕಾಕಾ, ಚಹಾ ಕುಡೀರಿ’ ಎಂದು ಅವರಿಗೂ ಒಂದು ಕಪ್ ತರಿಸಿದ್ದರೆ, ಆ ಸವಾರಿ ಸಾರ್ಥಕ. ಗುಂಪು ಮುಂದೆ ಹೋಗಿ ಒಬ್ಬರೇ ಅಂಗಡಿಯ ಮುಂದೆ ಉಳಿದಿದ್ದರೆ, ಅಂದು ಎಷ್ಟು ಕಿಲೋಮೀಟರ್ ಆದರೂ ಆ ಗುಂಪು ಸೋತಂತೆ.

ಈ ರೂಢಿಯ ದೊಡ್ಡ ಕೊರತೆ ನನಗೆ ಕಾಣುವುದು ಇಲ್ಲಿ. ನಾವು ನಮ್ಮೊಳಗೆ ಸ್ನೇಹಿತರು, ದಾರಿಯವರೊಂದಿಗೆ ಅಲ್ಲ. ಬೆಳಿಗ್ಗೆ ಪೀರನವಾಡಿಯಲ್ಲಿ ಹೊರಮುಖವಾಗಿ ಹೊರಟವರ ಎದುರಿಗೆ ಒಳಮುಖವಾಗಿ ಬರುವ ಸೈಕಲ್ಲುಗಳೂ ಇವೆ. ಹ್ಯಾಂಡಲಿಗೆ ಹಾಲಿನ ಕ್ಯಾನು, ಬುತ್ತಿಯ ಚೀಲ. ಉದ್ಯಮಬಾಗದ ಫೌಂಡ್ರಿ, ಲೇತ್ ಅಂಗಡಿಗಳ ಪಾಳಿಗೆ ಹೊರಟ ಹಳ್ಳಿಯವರು. ಈ ರಸ್ತೆಯ ಗುಂಡಿ, ತಿರುವು, ನಾಯಿ ಎಲ್ಲವೂ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ನಮ್ಮ ಗುಂಪುಗಳ ಫೋಟೋಗಳಲ್ಲಿ ಅವರಿಲ್ಲ, ಸುರಕ್ಷತೆಯ ಬೇಡಿಕೆಗಳಲ್ಲಿಯೂ ಇಲ್ಲ. ಸೈಕಲ್ ಪಥ ಬೇಕೆಂದು ಮನವಿ ಕೊಡುವಾಗ ದಿನವೂ ತುಳಿಯುವ ಇವರನ್ನು ಮುಂದೆ ನಿಲ್ಲಿಸಬೇಕಿತ್ತು. ಹೆಣ್ಣುಮಕ್ಕಳ ವಿಷಯದಲ್ಲಿಯೂ ಹೀಗೆಯೇ. ಅವರು ಬರುವುದಿಲ್ಲ ಎನ್ನುವವರು, ಪೀರನವಾಡಿಯಿಂದ ಜಾಂಬೋಟಿಯವರೆಗೆ ಅವರು ಬಳಸಬಹುದಾದ ಶೌಚಾಲಯ ಎಲ್ಲಿದೆ ಎಂದು ಒಮ್ಮೆ ನೋಡಿ ದಾರಿ ಗೊತ್ತುಮಾಡಿದರೆ ಅರ್ಧ ಉತ್ತರ ಸಿಗುತ್ತದೆ. ಕಾಡಿನ ಪ್ರಾಣಿಗಳ ವಿಷಯದಲ್ಲಿಯೂ ಇದೇ ಕೊರತೆ. 2011ರಲ್ಲಿ ಈ ಕಡೆಯ ಭೀಮಗಡವನ್ನು ವನ್ಯಜೀವಿಧಾಮವೆಂದು ಘೋಷಿಸಿದರು. ಅದರ ನೆರೆಯ ಕಾಡಿನ ದಾರಿಗಳಲ್ಲಿ ಕರಡಿ, ಕಾಡುಕೋಣಗಳು ಓಡಾಡುವ ಹೊತ್ತಿನಲ್ಲಿ ಸ್ಪೀಕರ್ ಹಚ್ಚಿಕೊಂಡು ಹೋಗುವುದು ಪ್ರಾಣಿಗಳಿಗೂ ಅನ್ಯಾಯ, ನಮಗೂ ಅಪಾಯ.

ಹೀಗಿದ್ದರೂ ಈ ರೂಢಿ ಉಳಿಯಬೇಕು, ಬೆಳೆಯಬೇಕು. ಗಡಿಯ ಜಗಳದಲ್ಲಿ ಹೆಸರು ಕೆಡಿಸಿಕೊಂಡ ಈ ಸೀಮೆಯಲ್ಲಿ ಕನ್ನಡ, ಮರಾಠಿ, ಕೊಂಕಣಿ ಆಡುವವರು ಒಬ್ಬರ ಹಿಂದೊಬ್ಬರು ಹೋಗುತ್ತಾರೆ, ಮುಂದಿನವರು ‘ಗುಂಡಿ’ ಎಂದರೂ ‘ಖಡ್ಡಾ’ ಎಂದರೂ ಹಿಂದಿನವರು ಹ್ಯಾಂಡಲ್ ಸರಿಸುತ್ತಾರೆ. ಗಾಲಿಗೆ ಗಾಲಿ ತಾಗುವಷ್ಟು ಹತ್ತಿರ ಒಬ್ಬರನ್ನು ಒಬ್ಬರು ನಂಬಿ ಹೋಗುವ ಸಂದರ್ಭ ನಮ್ಮ ಪೇಟೆಯ ಬದುಕಿನಲ್ಲಿ ಬೇರೆ ಎಲ್ಲಿದೆ ಹೇಳಿ.

ಮುಂದಿನ ರವಿವಾರ ಹೊರಡುವವರಿಗೆ ನನ್ನ ಕೋರಿಕೆ ಇಷ್ಟು. ಪೀರನವಾಡಿ ಕ್ರಾಸಿನಲ್ಲಿ ನಿಂತಾಗಲೇ ಇಂದಿನ ವೇಗ ಕೊನೆಯವರ ವೇಗ ಎಂದು ಎಲ್ಲರಿಗೂ ಕೇಳುವಂತೆ ಹೇಳಿಬಿಡಿ. ಹಿಂದೆ ಉಳಿಯುವ ಹೊಣೆಯನ್ನು ಗುಂಪಿನಲ್ಲಿ ಎಲ್ಲರಿಗಿಂತ ಗಟ್ಟಿಯಿರುವವರಿಗೆ ಕೊಡಿ. ಒಂದು ಅಡಾಪ್ಟರ್, ಎರಡು ಟ್ಯೂಬ್, ನಾಲ್ಕು ಶೇಂಗಾ ಉಂಡಿ ಹೆಚ್ಚಿಗೆ ಇಟ್ಟುಕೊಳ್ಳಿ. ಶನಿವಾರ, ರವಿವಾರ ಗೋವೆಯ ಕಾರುಗಳ ಭರಾಟೆ ಏರುವ ಮೊದಲೇ, ಹತ್ತು ಗಂಟೆಯ ಒಳಗೆ, ಜಾಂಬೋಟಿಯಿಂದ ಈ ಕಡೆಗೆ ಮುಖ ಮಾಡಿ.